ಮುರಿದುಬಿದ್ದ ಸಹಬಾಳ್ವೆ: ಕರುಳಿನ ಉರಿಯೂತದಲ್ಲಿ ಬ್ಯಾಕ್ಟೀರಿಯಾಗಳ ಪಾತ್ರ

ಮಲದಲ್ಲಿ ರಕ್ತ ಕಂಡರೆ ನಮ್ಮಲ್ಲಿ ಮೊದಲು ಬರುವ ಮಾತು ಮೂಲವ್ಯಾಧಿ. ಜೊತೆಗೆ ಭೇದಿಯೂ ಹೊಟ್ಟೆನುಲಿತವೂ ಇದ್ದರೆ ಆಮಶಂಕೆ. ಮೆಡಿಕಲ್ ಶಾಪಿನಿಂದ ತಂದ ಮಾತ್ರೆಗೆ ನಾಲ್ಕು ದಿನ ಕಡಿಮೆಯಾಗುತ್ತದೆ, ಆಮೇಲೆ ಮತ್ತೆ ಶುರುವಾಗುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದು, ತೂಕ ಇಳಿದು, ಮೈಯಲ್ಲಿ ರಕ್ತ ಕಡಿಮೆಯಾದ ಮೇಲೆ ಯಾರೋ ಒಬ್ಬ ವೈದ್ಯರು ಕೊಲೊನೊಸ್ಕೋಪಿ ಮಾಡಿಸಿ ಎನ್ನುತ್ತಾರೆ. ಹೀಗೆ ತಡವಾಗಿ ಪತ್ತೆಯಾಗುವ ಕಾಯಿಲೆಗಳಲ್ಲಿ ಕರುಳಿನ ಉರಿಯೂತದ ಕಾಯಿಲೆ, ಅಂದರೆ ಐಬಿಡಿ, ಮುಖ್ಯವಾದದ್ದು. ರೋಗಿ ಹೆಚ್ಚಾಗಿ ಇಪ್ಪತ್ತು, ಮೂವತ್ತರ ಪ್ರಾಯದವರು. ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ, ಹತೋಟಿಯಲ್ಲಿ ಇಟ್ಟುಕೊಳ್ಳಬಹುದು ಎಂದು ಕೇಳಿದಾಗ ಅವರು ಕೇಳುವ ಮೊದಲ ಪ್ರಶ್ನೆ: ಇದು ಯಾಕೆ ಬಂತು?

ಉತ್ತರ ಹುಡುಕುತ್ತ ಹೋದ ಸಂಶೋಧಕರೆಲ್ಲ ಒಂದಲ್ಲ ಒಂದು ಹಂತದಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಎದುರು ಬಂದು ನಿಂತಿದ್ದಾರೆ. ನೂರು ವರ್ಷಗಳ ಈ ಹುಡುಕಾಟವನ್ನು ಒಟ್ಟಾಗಿ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಬ್ಯಾಕ್ಟೀರಿಯಾ ಇಲ್ಲದೆ ಈ ಕಾಯಿಲೆ ಇಲ್ಲ, ಆದರೆ ಯಾವುದೇ ಒಂದು ಬ್ಯಾಕ್ಟೀರಿಯಾ ಈ ಕಾಯಿಲೆಯ ಕಾರಣವಲ್ಲ. ನಮ್ಮ ದೇಹಕ್ಕೂ ಅದರೊಳಗೆ ನೆಲೆಸಿದ ಸೂಕ್ಷ್ಮಜೀವಿಗಳಿಗೂ ನಡುವೆ ಇದ್ದ ಹೊಂದಾಣಿಕೆ ಕೆಡುವುದೇ ಕಾಯಿಲೆ. ಇದನ್ನು ಒಪ್ಪಿಕೊಂಡರೆ ಚಿಕಿತ್ಸೆಯನ್ನು, ಆಹಾರವನ್ನು, ಆ್ಯಂಟಿಬಯೋಟಿಕ್ ಬಳಕೆಯನ್ನು ನೋಡುವ ರೀತಿಯೂ ಬದಲಾಗಬೇಕಾಗುತ್ತದೆ.

ಒಂದು ರೋಗಾಣುವಿನ ಹುಡುಕಾಟ

ಐಬಿಡಿಯಲ್ಲಿ ಮುಖ್ಯವಾಗಿ ಎರಡು ಬಗೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿಗೆ ಸೀಮಿತ. ಗುದನಾಳದಿಂದ ಶುರುವಾಗಿ ಮೇಲಕ್ಕೆ ಹರಡುವ ಹುಣ್ಣು ಒಳಪದರದಲ್ಲೇ ಇರುತ್ತದೆ. ಕ್ರೋನ್ಸ್ ಕಾಯಿಲೆ ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು. ಸಣ್ಣ ಕರುಳಿನ ಕೊನೆಯ ಭಾಗ ಅದರ ಸಾಮಾನ್ಯ ಜಾಗ. ಅದು ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೂ ಇಳಿದು, ಕರುಳನ್ನು ಕಿರಿದಾಗಿಸಿ, ಕೆಲವೊಮ್ಮೆ ಪಕ್ಕದ ಅಂಗಕ್ಕೆ ತೂತು ಕೊರೆಯುತ್ತದೆ.

1913ರಲ್ಲಿ ಗ್ಲಾಸ್ಗೋದ ಶಸ್ತ್ರವೈದ್ಯ ಡಾಲ್ಜೀಲ್ ಇಂಥ ರೋಗಿಗಳನ್ನು ವರ್ಣಿಸಿದಾಗಲೇ ದನಗಳಿಗೆ ಬರುವ ಜೋನ್ಸ್ ಕಾಯಿಲೆಯೊಂದಿಗೆ ಅದರ ಹೋಲಿಕೆಯನ್ನು ಗುರುತಿಸಿದ್ದರು. ಜೋನ್ಸ್ ಕಾಯಿಲೆ ಕ್ಷಯದ ಬ್ಯಾಕ್ಟೀರಿಯಾದ ಬಳಗಕ್ಕೆ ಸೇರಿದ ಒಂದು ರೋಗಾಣುವಿನಿಂದ ಬರುತ್ತದೆ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಬರಿಲ್ ಕ್ರೋನ್, ಲಿಯಾನ್ ಗಿನ್ಸ್‌ಬರ್ಗ್, ಗಾರ್ಡನ್ ಓಪನ್‌ಹೈಮರ್ 14 ರೋಗಿಗಳ ವಿವರವನ್ನು ಪ್ರಕಟಿಸಿದಾಗ, ಇದು ಕರುಳಿನ ಕ್ಷಯವಲ್ಲ, ಬೇರೆಯದೇ ಕಾಯಿಲೆ ಎಂದು ತೋರಿಸುವುದೇ ಅವರ ಮುಖ್ಯ ಕೆಲಸವಾಗಿತ್ತು.

ಆದರೂ ಅನುಮಾನ ಹೋಗಲಿಲ್ಲ. 1980ರ ದಶಕದಲ್ಲಿ ಆಸ್ಟ್ರೇಲಿಯದ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಹೊಟ್ಟೆಯ ಹುಣ್ಣಿಗೆ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಕಾರಣ ಎಂದು ತೋರಿಸಿದರು. ಜೀವನಪರ್ಯಂತದ ಕಾಯಿಲೆ ಎನಿಸಿದ್ದು ಎರಡು ವಾರದ ಮಾತ್ರೆಗೆ ವಾಸಿಯಾಗತೊಡಗಿತು. ಕ್ರೋನ್ಸ್‌ಗೂ ಹಾಗೇ ಒಂದು ರೋಗಾಣು ಸಿಕ್ಕರೆ ಸಾಕು ಎಂಬ ಆಸೆ ಸಹಜವಾಗಿತ್ತು. ಆಸ್ಟ್ರೇಲಿಯದಲ್ಲೇ 213 ಕ್ರೋನ್ಸ್ ರೋಗಿಗಳ ಮೇಲೆ ಅದರ ಪರೀಕ್ಷೆ ನಡೆಯಿತು. ಜೋನ್ಸ್ ರೋಗಾಣುವನ್ನು ಕೊಲ್ಲಬಲ್ಲ ಮೂರು ಆ್ಯಂಟಿಬಯೋಟಿಕ್‌ಗಳನ್ನು ಎರಡು ವರ್ಷ ಕೊಟ್ಟು ನೋಡಿದರು. 2007ರಲ್ಲಿ ಬಂದ ಫಲಿತಾಂಶ ಇಷ್ಟು: ಮೊದಲ 16 ವಾರಗಳಲ್ಲಿ ಸ್ವಲ್ಪ ಲಾಭ, ಆಮೇಲೆ ಔಷಧಿ ತೆಗೆದುಕೊಂಡವರಿಗೂ ತೆಗೆದುಕೊಳ್ಳದವರಿಗೂ ವ್ಯತ್ಯಾಸವಿಲ್ಲ.

ನಮ್ಮ ದೇಶದಲ್ಲಿ ಈ ಪ್ರಶ್ನೆ ವೈದ್ಯರ ಮುಂದೆ ಪ್ರತಿದಿನ ಬರುತ್ತದೆ. ಕರುಳಿನ ಕ್ಷಯ ಮತ್ತು ಕ್ರೋನ್ಸ್ ಎರಡೂ ಸಣ್ಣ ಕರುಳಿನ ಕೊನೆಯನ್ನೇ ಹಿಡಿಯುತ್ತವೆ. ಎರಡರಲ್ಲೂ ಜ್ವರ, ಹೊಟ್ಟೆನೋವು, ತೂಕ ಇಳಿಕೆ. ಬಯಾಪ್ಸಿಯಲ್ಲೂ ಎಷ್ಟೋ ಸಲ ಸ್ಪಷ್ಟ ಉತ್ತರ ಸಿಗುವುದಿಲ್ಲ. ಹಾಗಾಗಿ ಮೊದಲು ಕ್ಷಯದ ಔಷಧಿ ಕೊಟ್ಟು ಹುಣ್ಣು ಮಾಯುತ್ತದೆಯೇ ಎಂದು ನೋಡುವ ರೂಢಿ ಇದೆ. ತಪ್ಪಿದರೆ ಅಪಾಯ ಎರಡೂ ಕಡೆ. ಕ್ರೋನ್ಸ್ ಇದ್ದವರಿಗೆ ಬರೀ ಕ್ಷಯದ ಔಷಧಿ ಕೊಡುತ್ತ ಹೋದರೆ ಕರುಳು ಕಿರಿದಾಗುತ್ತದೆ. ಕ್ಷಯ ಇದ್ದವರಿಗೆ ಉರಿಯೂತ ತಗ್ಗಿಸುವ ಬಲವಾದ ಔಷಧಿ ಕೊಟ್ಟರೆ ಕ್ಷಯ ಮೈಯೆಲ್ಲ ಹರಡುತ್ತದೆ. ಒಂದರಲ್ಲಿ ಬ್ಯಾಕ್ಟೀರಿಯಾವೇ ಶತ್ರು, ಇನ್ನೊಂದರಲ್ಲಿ ಹಾಗಲ್ಲ ಎಂಬ ವ್ಯತ್ಯಾಸ ನಮ್ಮ ರೋಗಿಗಳಿಗೆ ಸಾವು ಬದುಕಿನ ಪ್ರಶ್ನೆ.

ಬ್ಯಾಕ್ಟೀರಿಯಾ ಇಲ್ಲದೆ ಉರಿಯೂತವಿಲ್ಲ

ನಿಜವಾದ ತಿರುವು ಬಂದದ್ದು ಪ್ರಯೋಗಶಾಲೆಯ ಇಲಿಗಳಿಂದ. 1993ರಲ್ಲಿ ಇಂಟರ್‌ಲ್ಯೂಕಿನ್-10 ಎಂಬ, ಉರಿಯೂತವನ್ನು ತಣಿಸುವ ರಾಸಾಯನಿಕವನ್ನು ತಯಾರಿಸಲಾಗದ ಇಲಿಗಳನ್ನು ಜರ್ಮನಿಯ ವಿಜ್ಞಾನಿಗಳು ರೂಪಿಸಿದರು. ಅವಕ್ಕೆ ತಾನಾಗಿ ಕರುಳಿನ ಉರಿಯೂತ ಬಂತು. ಅದೇ ಇಲಿಗಳನ್ನು ಹುಟ್ಟಿನಿಂದಲೂ ಒಂದೇ ಒಂದು ಸೂಕ್ಷ್ಮಜೀವಿಯ ಸೋಂಕೂ ಇಲ್ಲದ ಗೂಡಿನಲ್ಲಿ ಸಾಕಿದಾಗ ಕರುಳು ಆರೋಗ್ಯವಾಗಿಯೇ ಉಳಿಯಿತು. ಸಾಧಾರಣ ಇಲಿಯ ಕರುಳಿನ, ಯಾವ ರೋಗವನ್ನೂ ತಾರದ ಬ್ಯಾಕ್ಟೀರಿಯಾಗಳನ್ನು ಕೊಟ್ಟ ಮೇಲೆ ಉರಿಯೂತ ಶುರುವಾಯಿತು. ಅಂದರೆ ಹೊರಗಿನಿಂದ ಬಂದ ರೋಗಾಣು ಬೇಕಿಲ್ಲ. ಸದಾ ಒಳಗೇ ಇರುವವರ ವಿರುದ್ಧವೇ ದೇಹ ಸಿಡಿದೇಳಬಹುದು.

ಇಲಿಯಲ್ಲಿ ಕಂಡದ್ದು ಮನುಷ್ಯರಿಗೂ ಅನ್ವಯಿಸುತ್ತದೆಯೇ? ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಪಾಲ್ ರುಟ್‌ಗೇರ್ಟ್ಸ್ ಮತ್ತು ಸಂಗಡಿಗರು ಅದನ್ನು ನೇರವಾಗಿಯೇ ನೋಡಿದರು. ಕ್ರೋನ್ಸ್‌ನಿಂದ ಕೆಟ್ಟ ಕರುಳಿನ ತುಂಡನ್ನು ಕತ್ತರಿಸಿ ತೆಗೆದು ಉಳಿದ ತುದಿಗಳನ್ನು ಹೊಲಿದರೆ, ಹೊಲಿದ ಜಾಗದ ಮೇಲ್ಭಾಗದಲ್ಲೇ ಕೆಲವು ತಿಂಗಳಲ್ಲಿ ಹೊಸ ಹುಣ್ಣು ಏಳುವುದು ಸಾಮಾನ್ಯ. ಅವರು ಐವರು ರೋಗಿಗಳಲ್ಲಿ ಹೊಲಿಗೆಗಿಂತ ಮೇಲೆಯೇ ಕರುಳನ್ನು ಹೊಟ್ಟೆಯ ಹೊರಗೆ ತೆರೆದು, ಮಲವೆಲ್ಲ ಚೀಲಕ್ಕೆ ಬೀಳುವಂತೆ ಮಾಡಿದರು. ಹೊಲಿದ ಜಾಗಕ್ಕೆ ಏನೂ ಹರಿಯದಂತಾಯಿತು. ಆರು ತಿಂಗಳ ನಂತರ ನೋಡಿದರೆ ಒಬ್ಬರಲ್ಲೂ ಹುಣ್ಣಿಲ್ಲ. ತೆರೆದದ್ದನ್ನು ಮುಚ್ಚಿ ಮಲ ಮತ್ತೆ ಎಂದಿನ ದಾರಿಯಲ್ಲಿ ಹರಿಯುವಂತೆ ಮಾಡಿದ ಆರು ತಿಂಗಳೊಳಗೆ ಐವರಲ್ಲೂ ಕಾಯಿಲೆ ಮರಳಿತು. 1991ರಲ್ಲಿ ಇದು ಪ್ರಕಟವಾಯಿತು. 1998ರಲ್ಲಿ ಅದೇ ತಂಡ ಮೂವರು ರೋಗಿಗಳ ಸುಮ್ಮನಿದ್ದ ಕರುಳಿನೊಳಗೆ ಅವರದೇ ಕರುಳಿನ ದ್ರವವನ್ನು ಎಂಟು ದಿನ ಹರಿಸಿತು. ಅಷ್ಟರಲ್ಲೇ ಸೂಕ್ಷ್ಮದರ್ಶಕದಲ್ಲಿ ಉರಿಯೂತದ ಮೊದಲ ಗುರುತುಗಳು ಕಂಡವು.

ದ್ರವದಲ್ಲಿ ಆಹಾರದ ಅಂಶವೂ ಪಿತ್ತರಸವೂ ಇರುತ್ತವೆ, ಬ್ಯಾಕ್ಟೀರಿಯಾವೇ ಕಾರಣವೆಂದು ಹೇಗೆ ಹೇಳುವುದು ಎಂದು ಕೇಳಬಹುದು. ಅದಕ್ಕೆ ಇನ್ನೊಂದು ಸಾಕ್ಷ್ಯ ಇದೆ. ಅಲ್ಸರೇಟಿವ್ ಕೊಲೈಟಿಸ್ ಔಷಧಿಗೆ ಬಗ್ಗದಿದ್ದಾಗ ದೊಡ್ಡ ಕರುಳನ್ನು ಪೂರ್ತಿ ತೆಗೆದು, ಸಣ್ಣ ಕರುಳಿನಿಂದಲೇ ಒಂದು ಚೀಲ ಹೊಲಿದು ಗುದಕ್ಕೆ ಜೋಡಿಸುತ್ತಾರೆ. ಎಷ್ಟೋ ರೋಗಿಗಳಲ್ಲಿ ಮುಂದೆ ಈ ಚೀಲವೂ ಉರಿಯುತ್ತದೆ, ಆ್ಯಂಟಿಬಯೋಟಿಕ್ ಕೊಟ್ಟರೆ ಹೆಚ್ಚಿನವರಲ್ಲಿ ತಗ್ಗುತ್ತದೆ. ವಂಶಪಾರಂಪರ್ಯವಾಗಿ ಕರುಳಲ್ಲಿ ನೂರಾರು ಗಂಟು ಬೆಳೆಯುವ ಬೇರೊಂದು ಕಾಯಿಲೆಗೂ ಇದೇ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಅವರಲ್ಲಿ ಚೀಲ ಉರಿಯುವುದು ಅಪರೂಪ. ಚೀಲ ಒಂದೇ, ಹೊಲಿಗೆ ಒಂದೇ. ಬ್ಯಾಕ್ಟೀರಿಯಾ ಬೇಕು, ಅದರ ಜೊತೆಗೆ ಅದನ್ನು ಸಹಿಸಲಾರದ ದೇಹವೂ ಬೇಕು ಎಂಬುದು ಇಲ್ಲಿ ಎದ್ದು ಕಾಣುತ್ತದೆ.

ಯಾರು ಕಡಿಮೆಯಾದರು, ಯಾರು ಹೆಚ್ಚಿದರು

ಇಸ್ರೇಲಿನ ವೈಜ್ಮನ್ ಸಂಸ್ಥೆಯ ವಿಜ್ಞಾನಿಗಳು 2016ರಲ್ಲಿ ಹಾಕಿದ ಲೆಕ್ಕದಂತೆ ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ. ಬಹುಪಾಲು ದೊಡ್ಡ ಕರುಳಿನಲ್ಲಿ. ಅವುಗಳಲ್ಲಿ ಹೆಚ್ಚಿನವು ಆಮ್ಲಜನಕ ತಾಗಿದರೆ ಬದುಕುವುದಿಲ್ಲ, ಹಾಗಾಗಿ ಪ್ರಯೋಗಶಾಲೆಯಲ್ಲಿ ಬೆಳೆಸುವುದು ಕಷ್ಟವಾಗಿತ್ತು. ಬೆಳೆಸದೆಯೇ ಡಿಎನ್ಎ ಓದಿ ಗುರುತಿಸುವ ತಂತ್ರಜ್ಞಾನ ಬಂದ ಮೇಲೆ ಚಿತ್ರ ಬಿಚ್ಚಿಕೊಂಡಿತು.

ಐಬಿಡಿ ಇರುವವರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಕಡಿಮೆ. ಅದರಲ್ಲೂ ನಾರಿನಂಶವನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ ತಯಾರಿಸುವ ಬಗೆಗಳು ಕ್ಷೀಣಿಸಿರುತ್ತವೆ. ಅವುಗಳಲ್ಲಿ ಹೆಸರಾದದ್ದು ಫೀಕಾಲಿಬ್ಯಾಕ್ಟೀರಿಯಂ ಪ್ರಾಸ್ನಿಟ್ಸಿ. 2008ರಲ್ಲಿ ಫ್ರಾನ್ಸಿನ ಹ್ಯಾರಿ ಸೊಕೊಲ್ ಮತ್ತು ಸಂಗಡಿಗರು, ಶಸ್ತ್ರಚಿಕಿತ್ಸೆಯ ಹೊತ್ತಿಗೆ ಕರುಳಿನಲ್ಲಿ ಈ ಬ್ಯಾಕ್ಟೀರಿಯಾ ಕಡಿಮೆ ಇದ್ದ ಕ್ರೋನ್ಸ್ ರೋಗಿಗಳಿಗೆ ಆರು ತಿಂಗಳಲ್ಲಿ ಕಾಯಿಲೆ ಮರಳುವ ಸಂಭವ ಹೆಚ್ಚು ಎಂದು ಕಂಡುಕೊಂಡರು. ಇಲಿಗಳಿಗೆ ಇದನ್ನು ಕೊಟ್ಟಾಗ ಉರಿಯೂತ ತಗ್ಗಿತು. ಬ್ಯುಟಿರೇಟ್ ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಇಂಧನ. ರೋಗನಿರೋಧಕ ವ್ಯವಸ್ಥೆಯ ಆವೇಶವನ್ನು ತಡೆಹಿಡಿಯುವ ಟಿ-ಕೋಶಗಳ ಬೆಳವಣಿಗೆಗೂ ಅದು ನೆರವಾಗುತ್ತದೆ ಎಂದು 2013ರಲ್ಲಿ ಹಲವು ತಂಡಗಳು ತೋರಿಸಿದವು.

ಇನ್ನೊಂದು ಕಡೆ ಹೆಚ್ಚುವವರೂ ಇದ್ದಾರೆ. ಫ್ರಾನ್ಸಿನ ಕ್ಲೆರ್ಮೊಂಟ್-ಫೆರಾಂಡಿನ ಆರ್ಲೆಟ್ ಡಾರ್ಫೊಯ್-ಮಿಶೋ ಅವರ ತಂಡ ಕ್ರೋನ್ಸ್ ರೋಗಿಗಳ ಸಣ್ಣ ಕರುಳಿನಿಂದ ಒಂದು ಬಗೆಯ ಇ. ಕೊಲಿಯನ್ನು ಬೇರ್ಪಡಿಸಿತು. ಅದು ಕರುಳಿನ ಕೋಶಕ್ಕೆ ಅಂಟಿಕೊಂಡು ಒಳನುಗ್ಗುತ್ತದೆ. ಅಷ್ಟೇ ಅಲ್ಲ, ಬ್ಯಾಕ್ಟೀರಿಯಾಗಳನ್ನು ನುಂಗಿ ಕೊಲ್ಲಬೇಕಾದ ಕೋಶಗಳ ಒಳಗೇ ಬದುಕಿ ಹೆಚ್ಚುತ್ತದೆ. ಆದರೆ ಇದು ಎಲ್ಲ ಕ್ರೋನ್ಸ್ ರೋಗಿಗಳಲ್ಲಿ ಇಲ್ಲ, ಆರೋಗ್ಯವಂತರಲ್ಲಿ ಇಲ್ಲವೇ ಇಲ್ಲ ಎಂದೂ ಅಲ್ಲ.

2014ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನ ಈ ಎಳೆಗಳನ್ನು ಒಟ್ಟುಗೂಡಿಸಿತು. ಆಗಷ್ಟೇ ಕ್ರೋನ್ಸ್ ಪತ್ತೆಯಾದ, ಇನ್ನೂ ಚಿಕಿತ್ಸೆ ಶುರುವಾಗದ 447 ಎಳೆಯ ರೋಗಿಗಳನ್ನು ಅದು ನೋಡಿತು. ಕ್ರೋನ್ಸ್ ಔಷಧಿಯಿಂದ ಆದ ಬದಲಾವಣೆ ಎನ್ನುವ ಆಕ್ಷೇಪಕ್ಕೆ ಅಲ್ಲಿ ಜಾಗವಿರಲಿಲ್ಲ. ಇ. ಕೊಲಿಯ ಬಳಗದವು ಹೆಚ್ಚು, ಬ್ಯುಟಿರೇಟ್ ತಯಾರಿಸುವ ಬಳಗದವು ಕಡಿಮೆ ಎಂಬ ಚಿತ್ರ ಅಲ್ಲೂ ಕಂಡಿತು. ಗಮನಿಸಬೇಕಾದದ್ದು ಇನ್ನೊಂದು: ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದ ಮಕ್ಕಳಲ್ಲಿ ಈ ಏರುಪೇರು ಮತ್ತಷ್ಟು ಹೆಚ್ಚಾಗಿತ್ತು.

ಕಾರಣವೋ, ಪರಿಣಾಮವೋ?

ಹೀಗೆ ವ್ಯತ್ಯಾಸ ಕಂಡ ಮಾತ್ರಕ್ಕೆ ಅದೇ ಕಾರಣವೆಂದು ಹೇಳುವಂತಿಲ್ಲ. ಉರಿಯುವ ಕರುಳೇ ತನ್ನ ನಿವಾಸಿಗಳನ್ನು ಬದಲಿಸುತ್ತದೆ. ಉರಿಯೂತದಲ್ಲಿ ಕರುಳಿನ ಗೋಡೆ ನೈಟ್ರೇಟ್ ಬಿಡುಗಡೆ ಮಾಡುತ್ತದೆ. ಆಮ್ಲಜನಕವಿಲ್ಲದೆಡೆ ಇ. ಕೊಲಿ ಆ ನೈಟ್ರೇಟನ್ನೇ ಬಳಸಿ ಉಸಿರಾಡಿ ಬೆಳೆಯುತ್ತದೆ, ಉಳಿದವರಲ್ಲಿ ಹೆಚ್ಚಿನವರಿಗೆ ಆ ಶಕ್ತಿ ಇಲ್ಲ. ಇದನ್ನು 2013ರಲ್ಲಿ ಕ್ಯಾಲಿಫೋರ್ನಿಯದ ಆಂಡ್ರಿಯಾಸ್ ಬಾಯ್ಮ್ಲರ್ ತಂಡ ಇಲಿಗಳಲ್ಲಿ ತೋರಿಸಿತು. ಹಾಗಾದರೆ ಇ. ಕೊಲಿ ಹೆಚ್ಚಿದ್ದು ಕಾಯಿಲೆಯ ಫಲವಿರಬಹುದಲ್ಲ?

ಇದಕ್ಕೆ ಉತ್ತರ ಸಿಗಬೇಕಾದರೆ ಕಾಯಿಲೆ ಬರುವ ಮೊದಲೇ ನೋಡಬೇಕು. ಕೆನಡಾದಲ್ಲಿ 2008ರಲ್ಲಿ ಆರಂಭವಾದ ಜೆಮ್ ಯೋಜನೆ ಇದನ್ನೇ ಮಾಡುತ್ತಿದೆ. ಕ್ರೋನ್ಸ್ ರೋಗಿಗಳ ಆರೋಗ್ಯವಂತ ಒಡಹುಟ್ಟಿದವರು ಮತ್ತು ಮಕ್ಕಳು, 5000ಕ್ಕೂ ಹೆಚ್ಚು ಮಂದಿ, ಅದರಲ್ಲಿ ಸೇರಿದ್ದಾರೆ. ಅವರ ಮಲ, ರಕ್ತ, ಕರುಳಿನ ಸೋರುವಿಕೆ ಎಲ್ಲವನ್ನೂ ದಾಖಲಿಸಿ ವರ್ಷಗಟ್ಟಲೆ ಹಿಂಬಾಲಿಸುತ್ತಾರೆ. ಅವರಲ್ಲಿ ಕೆಲವರಿಗೆ ಕಾಲಾಂತರದಲ್ಲಿ ಕ್ರೋನ್ಸ್ ಬಂತು. ಹಿಂದಕ್ಕೆ ಹೋಗಿ ನೋಡಿದಾಗ, ರೋಗಲಕ್ಷಣ ಕಾಣುವ ವರ್ಷಗಳ ಮುನ್ನವೇ ಅವರ ಬ್ಯಾಕ್ಟೀರಿಯಾ ಸಮುದಾಯ ಬೇರೆಯಾಗಿತ್ತು, ಕರುಳಿನ ಗೋಡೆ ಹೆಚ್ಚು ಸೋರುತ್ತಿತ್ತು. ಏರುಪೇರು ಮೊದಲು, ಕಾಯಿಲೆ ಆಮೇಲೆ ಎಂಬ ವಾದಕ್ಕೆ ಇಲ್ಲಿಯವರೆಗೆ ಸಿಕ್ಕ ಬಲವಾದ ಪುರಾವೆ ಇದು. ಒಮ್ಮೆ ಹತ್ತಿಕೊಂಡ ಮೇಲೆ ಉರಿಯೂತ ಏರುಪೇರನ್ನೂ, ಏರುಪೇರು ಉರಿಯೂತವನ್ನೂ ಬೆಳೆಸುತ್ತ ಹೋಗುತ್ತವೆ. ಕಾರಣ, ಪರಿಣಾಮ ಎರಡೂ ಹೌದು ಎನ್ನುವುದೇ ಇಂದು ಪ್ರಾಮಾಣಿಕವಾಗಿ ಹೇಳಬಹುದಾದ ಮಾತು.

ದೇಹದ ಪಾಲು

2001ರಲ್ಲಿ ಕ್ರೋನ್ಸ್‌ಗೆ ಸಂಬಂಧಿಸಿದ ಮೊದಲ ಜೀನ್ ಪತ್ತೆಯಾಯಿತು: ನಾಡ್-2. ಬ್ಯಾಕ್ಟೀರಿಯಾದ ಕೋಶಭಿತ್ತಿಯ ಒಂದು ಚೂರನ್ನು ಗುರುತಿಸುವುದೇ ಆ ಜೀನ್ ತಯಾರಿಸುವ ಪ್ರೋಟೀನಿನ ಕೆಲಸ. ಆಮೇಲೆ ಐಬಿಡಿಗೆ ನಂಟಿರುವ 200ಕ್ಕೂ ಹೆಚ್ಚು ಜೀನ್ ತಾಣಗಳು ಸಿಕ್ಕಿವೆ. ಅವುಗಳಲ್ಲಿ ಅನೇಕವು ಬ್ಯಾಕ್ಟೀರಿಯಾವನ್ನು ಗುರುತಿಸುವ, ತಡೆಯುವ, ಸಹಿಸಿಕೊಳ್ಳುವ ಕೆಲಸಕ್ಕೆ ಸೇರಿದವು. ದೊಡ್ಡ ಕರುಳಿನಲ್ಲಿ ಲೋಳೆಯ ಎರಡು ಪದರಗಳಿವೆ. ಗೋಡೆಗೆ ತಾಗಿದ ಒಳಪದರದಲ್ಲಿ ಬ್ಯಾಕ್ಟೀರಿಯಾ ಇರುವುದೇ ಇಲ್ಲ ಎಂದು ಸ್ವೀಡನ್ನಿನ ಗೋಥೆನ್‌ಬರ್ಗಿನ ವಿಜ್ಞಾನಿಗಳು 2008ರಲ್ಲಿ ತೋರಿಸಿದರು. ಕೊಲೈಟಿಸ್‌ನಲ್ಲಿ ಈ ಪದರ ತೆಳುವಾಗಿ ಬ್ಯಾಕ್ಟೀರಿಯಾಗಳು ಗೋಡೆಯನ್ನೇ ಮುಟ್ಟುತ್ತವೆ.

ಆದರೆ ಜೀನ್ ಪೂರ್ತಿ ಕಥೆ ಹೇಳುವುದಿಲ್ಲ. ಒಂದೇ ಜೀನ್ ಹಂಚಿಕೊಂಡ ಅವಳಿಗಳಲ್ಲಿ ಒಬ್ಬರಿಗೆ ಕ್ರೋನ್ಸ್ ಇದ್ದರೆ ಇನ್ನೊಬ್ಬರಿಗೆ ಬರುವುದು ಸುಮಾರು 30ರಿಂದ 50% ಮಾತ್ರ, ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಇನ್ನೂ ಕಡಿಮೆ. ಯುರೋಪಿನವರಲ್ಲಿ ಮುಖ್ಯವೆನಿಸಿದ ನಾಡ್-2ರ ಮೂರು ದೋಷಗಳು ಭಾರತೀಯರಲ್ಲಿ ಅಪರೂಪ. ಆದರೂ ಕಾಯಿಲೆ ಇಲ್ಲಿ ಇದೆ. 2003ರಲ್ಲಿ ಪ್ರಕಟವಾದ ಪಂಜಾಬಿನ ಮನೆಮನೆ ಸಮೀಕ್ಷೆಯಲ್ಲಿ ಲಕ್ಷಕ್ಕೆ 44 ಜನರಲ್ಲಿ ಅಲ್ಸರೇಟಿವ್ ಕೊಲೈಟಿಸ್ ಕಂಡಿತ್ತು. ಇಂಗ್ಲೆಂಡಿನ ಲೆಸ್ಟರ್‌ಗೆ ವಲಸೆ ಹೋದ ಭಾರತೀಯರಲ್ಲಿ ಈ ಕಾಯಿಲೆ ಸ್ಥಳೀಯರಿಗಿಂತ ಹೆಚ್ಚಾಗಿತ್ತೆಂದು 1992ರ ಅಧ್ಯಯನ ಹೇಳುತ್ತದೆ. ವಲಸೆ ಹೋದವರ ಜೀನ್ ಒಂದು ತಲೆಮಾರಿನಲ್ಲಿ ಬದಲಾಗಲಿಲ್ಲ. ಬದಲಾದದ್ದು ಊಟ, ನೀರು, ಬಾಲ್ಯದ ಸೋಂಕು, ಔಷಧಿ, ಅವುಗಳ ಜೊತೆಗೆ ಕರುಳಿನ ನಿವಾಸಿಗಳು.

ಆ್ಯಂಟಿಬಯೋಟಿಕ್ ಬಗ್ಗೆ ಸಾಕ್ಷ್ಯ ಸರಳವಾಗಿಲ್ಲ. ಡೆನ್ಮಾರ್ಕಿನ 61 ಲಕ್ಷ ಜನರ ದಾಖಲೆ ನೋಡಿದ 2023ರ ಅಧ್ಯಯನ, ಹೆಚ್ಚು ಸಲ ಆ್ಯಂಟಿಬಯೋಟಿಕ್ ತೆಗೆದುಕೊಂಡಷ್ಟೂ ಐಬಿಡಿಯ ಅಪಾಯ ಹೆಚ್ಚು ಎಂದಿತು. ಏಷ್ಯಾ-ಪೆಸಿಫಿಕ್ ದೇಶಗಳ 2015ರ ಅಧ್ಯಯನದಲ್ಲಿ ಮಾತ್ರ ಬಾಲ್ಯದಲ್ಲಿ ಆ್ಯಂಟಿಬಯೋಟಿಕ್ ತೆಗೆದುಕೊಂಡ ಏಷ್ಯನ್ನರಲ್ಲಿ ಅಪಾಯ ಕಡಿಮೆ ಕಂಡಿತು. ಯುರೋಪಿನ ತೀರ್ಮಾನಗಳನ್ನು ನಮ್ಮ ಕರುಳಿಗೆ ಹಾಗೇ ಅನ್ವಯಿಸಬಾರದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಭಾರತದೊಳಗೇ ವ್ಯತ್ಯಾಸವಿದೆ: 2019ರ ಅಧ್ಯಯನವೊಂದರಲ್ಲಿ ಭೋಪಾಲದವರ ಕರುಳಿನಲ್ಲಿ ಪ್ರೆವೊಟೆಲ್ಲಾ ಎಂಬ ಬ್ಯಾಕ್ಟೀರಿಯಾ ಮೇಲುಗೈ ಪಡೆದಿದ್ದರೆ ಕೇರಳದವರಲ್ಲಿ ಬೇರೆ ಬಗೆಯವು ಹೆಚ್ಚಿದ್ದವು.

ಚಿಕಿತ್ಸೆ ಎಲ್ಲಿಗೆ ಬಂದಿದೆ

ಒಳ್ಳೆಯ ಬ್ಯಾಕ್ಟೀರಿಯಾವನ್ನು ಮಾತ್ರೆಯಾಗಿ, ಅಂದರೆ ಪ್ರೊಬಯೋಟಿಕ್ ಆಗಿ, ಕೊಡುವುದು ಹಳೆಯ ಯೋಚನೆ. ಮೊದಲ ಮಹಾಯುದ್ಧದಲ್ಲಿ ಸುತ್ತಲಿನವರಿಗೆಲ್ಲ ಭೇದಿ ಹತ್ತಿದರೂ ಆರೋಗ್ಯವಾಗಿ ಉಳಿದ ಒಬ್ಬ ಸೈನಿಕನ ಮಲದಿಂದ 1917ರಲ್ಲಿ ಆಲ್ಫ್ರೆಡ್ ನಿಸ್ಲೆ ಬೇರ್ಪಡಿಸಿದ ಇ. ಕೊಲಿ, ಅಲ್ಸರೇಟಿವ್ ಕೊಲೈಟಿಸ್ ಮರಳದಂತೆ ತಡೆಯುವುದರಲ್ಲಿ ಎಂದಿನ ಔಷಧಿಯಾದ ಮೆಸಾಲಮಿನ್‌ಗೆ ಸಮ ಎಂದು 2004ರ ಪ್ರಯೋಗ ತೋರಿಸಿತು. ಹಲವು ಬ್ಯಾಕ್ಟೀರಿಯಾಗಳ ಮಿಶ್ರಣವೊಂದು ಭಾರತೀಯ ರೋಗಿಗಳಲ್ಲೂ 2009ರಲ್ಲಿ ಫಲ ಕೊಟ್ಟಿತು. ಕ್ರೋನ್ಸ್‌ನಲ್ಲಿ ಮಾತ್ರ ಪ್ರೊಬಯೋಟಿಕ್‌ಗಳು ಕೈಕೊಟ್ಟಿವೆ. ಐಬಿಡಿಗೆ ಪ್ರೊಬಯೋಟಿಕ್ ಅನ್ನು ಪ್ರಯೋಗಗಳ ಚೌಕಟ್ಟಿನಲ್ಲಿ ಮಾತ್ರ ಬಳಸಿ ಎಂದು ಅಮೆರಿಕದ ಜೀರ್ಣಾಂಗ ತಜ್ಞರ ಸಂಘ 2020ರಲ್ಲಿ ಸೂಚಿಸಿತು.

ಇಡೀ ಸಮುದಾಯವನ್ನೇ ಕೊಡುವುದು ಮಲ ಕಸಿ. ದಾನಿಯ ರಕ್ತ ಮತ್ತು ಮಲವನ್ನು ಹತ್ತಾರು ಸೋಂಕುಗಳಿಗೆ ಪರೀಕ್ಷಿಸುತ್ತಾರೆ. ತಾಜಾ ಮಲವನ್ನು ಲವಣದ್ರಾವಣದಲ್ಲಿ ಕಲಸಿ, ಸೋಸಿ, ತಿಳಿಯನ್ನು ಸಾಮಾನ್ಯವಾಗಿ ಕೊಲೊನೊಸ್ಕೋಪಿನ ಮೂಲಕ ದೊಡ್ಡ ಕರುಳಿನ ಆರಂಭದಲ್ಲಿ ಬಿಡುತ್ತಾರೆ. ಕೆನಡಾದ 2015ರ ಪ್ರಯೋಗದಲ್ಲಿ ಅಲ್ಸರೇಟಿವ್ ಕೊಲೈಟಿಸ್ ಇದ್ದವರಲ್ಲಿ 24% ಜನರಿಗೆ ಕಾಯಿಲೆ ಹತೋಟಿಗೆ ಬಂತು, ಬರೀ ನೀರು ಪಡೆದವರಲ್ಲಿ 5%. ಅದೇ ವರ್ಷ ನೆದರ್‌ಲೆಂಡ್ಸಿನ ಪ್ರಯೋಗದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆಸ್ಟ್ರೇಲಿಯದ 2017 ಮತ್ತು 2019ರ ಪ್ರಯೋಗಗಳು ಮತ್ತೆ ಲಾಭ ತೋರಿಸಿದವು. ಕೆನಡಾದಲ್ಲಿ ಗುಣಕಂಡ 9 ಜನರಲ್ಲಿ 7 ಮಂದಿ ಒಬ್ಬನೇ ದಾನಿಯಿಂದ ಪಡೆದವರು. ಹಾಗೆಂದು ದಾನಿಯೊಬ್ಬನೇ ಎಲ್ಲವೂ ಅಲ್ಲ. ಒಂದೇ ಹೆಪ್ಪಿಗೆ ಒಂದು ಮನೆಯ ಹಾಲು ಗಟ್ಟಿ ಮೊಸರಾಗುತ್ತದೆ, ಇನ್ನೊಂದು ಮನೆಯದು ನೀರಾಗಿಯೇ ಉಳಿಯುತ್ತದೆ. ಹೆಪ್ಪಿನಷ್ಟೇ ಹಾಲೂ ಅದರ ಬಿಸಿಯೂ ಮುಖ್ಯ. ಕಸಿಯಲ್ಲೂ ದಾನಿ, ಪಡೆಯುವವರ ಕರುಳಿನ ಸ್ಥಿತಿ, ಆಮೇಲೆ ತಿನ್ನುವ ಊಟ ಮೂರೂ ಸೇರಿಯೇ ಫಲ ತೀರ್ಮಾನವಾಗುತ್ತದೆ.

ದೆಹಲಿಯ ಏಮ್ಸ್ ತಂಡದ 2022ರ ಪ್ರಯೋಗ ಈ ಕಾರಣಕ್ಕೇ ಮುಖ್ಯ. ಅಲ್ಸರೇಟಿವ್ ಕೊಲೈಟಿಸ್ ಇದ್ದ 66 ರೋಗಿಗಳಲ್ಲಿ ಒಂದು ಗುಂಪಿಗೆ ಹಲವು ದಾನಿಗಳ ಮಲವನ್ನು ವಾರಕ್ಕೊಮ್ಮೆಯಂತೆ ಏಳು ಸಲ ಕೊಟ್ಟು, ಜೊತೆಗೆ ಉರಿಯೂತ ತಗ್ಗಿಸುವ ಆಹಾರಕ್ರಮವನ್ನೂ ಪಾಲಿಸುವಂತೆ ಹೇಳಿದರು. ಎಂಟು ವಾರಕ್ಕೆ ಆ ಗುಂಪಿನಲ್ಲಿ 60% ಮಂದಿಗೆ ಕಾಯಿಲೆ ಹತೋಟಿಗೆ ಬಂತು, ಎಂದಿನ ಔಷಧಿಯ ಗುಂಪಿನಲ್ಲಿ 32%. ನಂತರ ಆಹಾರವನ್ನಷ್ಟೇ ಮುಂದುವರಿಸಿದಾಗ ಕೆಲವರಲ್ಲಿ ಲಾಭ ವರ್ಷದವರೆಗೂ ಉಳಿಯಿತು. ಕಸಿಯ ಪಾಲೆಷ್ಟು, ಊಟದ ಪಾಲೆಷ್ಟು ಎಂದು ಈ ಪ್ರಯೋಗ ಬೇರ್ಪಡಿಸುವುದಿಲ್ಲ. ಆದರೆ ಎರಡನ್ನೂ ಒಟ್ಟಿಗೆ ಯೋಚಿಸಬೇಕೆಂದು ತೋರಿಸಿಕೊಟ್ಟಿದೆ. ಅಪಾಯವೂ ಇದೆ. 2019ರಲ್ಲಿ ಅಮೆರಿಕದಲ್ಲಿ ಬೇರೆ ಕಾಯಿಲೆಗಳಿಗೆ ಕಸಿ ಪಡೆದ ಇಬ್ಬರಿಗೆ ಔಷಧಿಗೆ ಬಗ್ಗದ ಇ. ಕೊಲಿ ಹರಡಿ ಒಬ್ಬರು ತೀರಿಕೊಂಡರು. ಮನೆಯಲ್ಲಿ ಮಾಡಿಕೊಳ್ಳುವ ಕೆಲಸ ಇದು ಖಂಡಿತ ಅಲ್ಲ.

ಕ್ರೋನ್ಸ್ ಇರುವ ಮಕ್ಕಳಿಗೆ ಆರೆಂಟು ವಾರ ಊಟವನ್ನೆಲ್ಲ ನಿಲ್ಲಿಸಿ ಪೌಷ್ಟಿಕ ದ್ರವಾಹಾರ ಮಾತ್ರ ಕೊಟ್ಟರೆ ಸ್ಟೀರಾಯ್ಡಿನಷ್ಟೇ ಫಲ ಸಿಗುತ್ತದೆ. ಇದು ಬಹುಕಾಲದ ಅನುಭವ. ಹಾನಿಕರ ಬ್ಯಾಕ್ಟೀರಿಯಾವನ್ನಷ್ಟೇ ಆರಿಸಿ ಕೊಲ್ಲುವ ವೈರಸ್‌ಗಳ ಮಿಶ್ರಣವನ್ನು 2022ರಲ್ಲಿ ವೈಜ್ಮನ್ ಸಂಸ್ಥೆಯ ತಂಡ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದ ವಿರುದ್ಧ ರೂಪಿಸಿತು. ಇಲಿಗಳಲ್ಲಿ ಫಲ ಕಂಡಿದೆ, ರೋಗಿಗಳಿಗೆ ತಲುಪಲು ದಾರಿ ಇನ್ನೂ ಉದ್ದವಿದೆ.

ನಾವು ಮಾಡಬೇಕಾದದ್ದು

ಇಷ್ಟೆಲ್ಲ ತಿಳಿದ ಮೇಲೆ ರೋಗಿಗಳಿಗೆ ಹೇಳಬೇಕಾದ ಮೊದಲ ಮಾತು: ಇದು ನೀವು ತಿಂದ ಯಾವುದೋ ಒಂದು ತಿನಿಸಿನಿಂದ, ನಿಮ್ಮ ತಪ್ಪಿನಿಂದ ಬಂದ ಕಾಯಿಲೆಯಲ್ಲ. ಎರಡನೆಯದು: ಉರಿಯೂತ ತಗ್ಗಿಸುವ ಔಷಧಿಯನ್ನು ಬಿಟ್ಟು ಪ್ರೊಬಯೋಟಿಕ್ ಪುಡಿಯನ್ನೋ, ಮನೆಗೇ ಬರುವ ಮಲಪರೀಕ್ಷೆಯ ಕಿಟ್ಟನ್ನೋ ನಂಬಬೇಡಿ. ಅಂಥ ಕಿಟ್ ಕೊಡುವ ಪಟ್ಟಿಯಿಂದ ಚಿಕಿತ್ಸೆ ತೀರ್ಮಾನಿಸುವ ಹಂತಕ್ಕೆ ವಿಜ್ಞಾನ ಬಂದಿಲ್ಲ. ಮೂರನೆಯದು ಆಹಾರ. ರಾಗಿ, ಕಾಳು, ಸೊಪ್ಪು, ಬಾಳೆಕಾಯಿಯ ನಾರು ಮತ್ತು ಸುಲಭಕ್ಕೆ ಜೀರ್ಣವಾಗದ ಪಿಷ್ಟ ದೊಡ್ಡ ಕರುಳಿನವರೆಗೂ ತಲುಪಿ ಬ್ಯುಟಿರೇಟ್ ಆಗುತ್ತವೆ. ಇಂಥ ಪಿಷ್ಟ ಕರುಳಿಗೆ ಎಷ್ಟು ಉಪಕಾರಿ ಎಂದು ವೆಲ್ಲೂರಿನ ಸಿಎಂಸಿಯ ಬಿ. ಎಸ್. ರಾಮಕೃಷ್ಣ ಅವರ ತಂಡ 2000ದಲ್ಲೇ ಕಾಲರಾ ರೋಗಿಗಳಲ್ಲಿ ತೋರಿಸಿತ್ತು. ಆದರೆ ಕಾಯಿಲೆ ಉಲ್ಬಣಿಸಿದಾಗ, ಕರುಳು ಕಿರಿದಾಗಿದ್ದಾಗ ನಾರು ತೊಂದರೆ ಕೊಡಬಹುದು. ವೈದ್ಯರನ್ನೂ ಆಹಾರತಜ್ಞರನ್ನೂ ಕೇಳಿಯೇ ಮುಂದುವರಿಯಬೇಕು.

ಸಮಾಜದ ಹೊಣೆ ಇನ್ನೂ ದೊಡ್ಡದು. ಭೇದಿಯಾದ ಕೂಡಲೇ ಚೀಟಿಯಿಲ್ಲದೆ ಎರಡೆರಡು ಆ್ಯಂಟಿಬಯೋಟಿಕ್ ಬೆರೆತ ಮಾತ್ರೆ ಮಾರುವುದು ನಿಲ್ಲಬೇಕು. ಅದು ಕಾಯಿಲೆಯ ಪತ್ತೆಯನ್ನು ತಡಮಾಡುತ್ತದೆ, ಕರುಳಿನ ಸಮುದಾಯವನ್ನೂ ಕೆಡಿಸುತ್ತದೆ. ಎರಡು ಮೂರು ವಾರ ದಾಟಿದ ಭೇದಿ, ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ಇವುಗಳಲ್ಲಿ ಯಾವುದಿದ್ದರೂ ತಜ್ಞರ ಬಳಿ ಕಳಿಸುವ ಶಿಸ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲೇ ಬರಬೇಕು. ಮತ್ತು ಕೆನಡಾದ ಜೆಮ್ ಯೋಜನೆಯಂತೆ, ಕಾಯಿಲೆ ಬರುವ ಮೊದಲಿನಿಂದ ಜನರನ್ನು ಹಿಂಬಾಲಿಸುವ ದೀರ್ಘ ಅಧ್ಯಯನ ನಮ್ಮ ದೇಶದ ಬೇರೆ ಬೇರೆ ಭಾಗಗಳಲ್ಲಿ ನಡೆಯಬೇಕು. ನಮ್ಮ ಜೀನ್ ಬೇರೆ, ಊಟ ಬೇರೆ, ಸೋಂಕುಗಳು ಬೇರೆ, ಬ್ಯಾಕ್ಟೀರಿಯಾ ಬೇರೆ. ನಮ್ಮಲ್ಲಿ ಊಟ ಮತ್ತು ಔಷಧಿಯ ರೂಢಿ ಬದಲಾಗುತ್ತಿರುವುದು ಈಗ, ನಮ್ಮ ಕಣ್ಣೆದುರಿಗೇ. ಇವತ್ತು ದಾಖಲಿಸದಿದ್ದರೆ ಈ ಕಾಯಿಲೆ ನಮ್ಮಲ್ಲಿ ಹೇಗೆ ಶುರುವಾಗುತ್ತದೆ ಎಂದು ತಿಳಿಯುವ ಅವಕಾಶ ಕೈತಪ್ಪುತ್ತದೆ. ಆಗ ನಮ್ಮ ಮಕ್ಕಳ ಕಾಯಿಲೆಗೆ ಉತ್ತರವನ್ನು ಬೇರೆಯವರ ಕರುಳಿನಲ್ಲೇ ಹುಡುಕಬೇಕಾಗುತ್ತದೆ.